ಬೀಗ ಹಾಕಿದ ಮನೆಗಳ ಲೆಕ್ಕ

"ನಾನೇನು ಕೆಲಸ ಮಾಡ್ತೀನಿ ಆಪಾ? ಮನೆಯಲ್ಲೇ ಇರ್ತೀನಿ" ಎಂದಳು ಆಕೆ.

ಹಾಗೆ ಹೇಳುವಾಗಲೂ ಆಕೆಯ ಬೆರಳುಗಳು ನಿಂತಿರಲಿಲ್ಲ. ಎದುರಿಗೆ ಒದ್ದೆ ಗೋಣಿಯ ಮೇಲೆ ಸೇವಂತಿಗೆಯ ರಾಶಿ ಇತ್ತು. ನಾಲ್ಕು ಹೂವು, ಒಂದು ಗಂಟು, ಮತ್ತೆ ನಾಲ್ಕು ಹೂವು. ಮಾತನಾಡುತ್ತಾ ಆಡುತ್ತಾ ಒಂದು ಮಾರು ಮುಗಿಸಿ ಪಕ್ಕಕ್ಕಿಟ್ಟಳು. ಬೆಳಗ್ಗೆ ಹೂವಿನ ಅಂಗಡಿಯವನು ಬುಟ್ಟಿ ಇಟ್ಟು ಹೋಗುತ್ತಾನೆ, ಮಧ್ಯಾಹ್ನ ಬಂದು ಕಟ್ಟಿದ ಮಾಲೆ ಎಣಿಸಿ, ಮಾರಿಗೆ ಇಷ್ಟೆಂದು ಕೊಟ್ಟು ಹೋಗುತ್ತಾನೆ. ಇದೆಲ್ಲ ನಮಗೆ ಕಾಣುತ್ತಲೇ ಇತ್ತು. ಆದರೂ ನಮ್ಮ ಹುಡುಗಿ ಟ್ಯಾಬ್‌ನಲ್ಲಿ "ಉದ್ಯೋಗ ಇಲ್ಲ, ಗೃಹಿಣಿ" ಎಂಬುದರ ಮುಂದೆ ಗುರುತು ಹಾಕಿದಳು. ಪಕ್ಕದಲ್ಲೇ ಕುಳಿತಿದ್ದ ನಾನು, ಮೇಲ್ವಿಚಾರಕಿ ಎಂದು ಸಂಬಳ ಪಡೆಯುತ್ತಿದ್ದವಳು, ತಲೆಯಾಡಿಸಿದೆ. ಪ್ರಶ್ನೆ ಕೇಳಿದ್ದಾಯಿತು, ಉತ್ತರ ಬಂದಿದ್ದಾಯಿತು.

ಅದು 2020ರ ಡಿಸೆಂಬರ್ ತಿಂಗಳು, ಹೊಸಪೇಟೆಯ ಒಂದು ಓಣಿ.

ನಾನು ಈ ಕೆಲಸಕ್ಕೆ ಬಂದದ್ದು ಸಮಾಜ ಸೇವೆಯ ಉಮೇದಿನಿಂದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಒಂದು ಖಾಸಗಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಆ ವರ್ಷದ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು, ಶಾಲೆ ಮುಚ್ಚಿತು, ಜೂನ್ ಹೊತ್ತಿಗೆ ಸಂಬಳವೂ ನಿಂತಿತು. ನಮ್ಮೆಜಮಾನರದ್ದು ಆಟೋ. ಹಂಪಿಗೆ ಬರುವ ಪ್ರವಾಸಿಗರನ್ನು ಹೊಸಪೇಟೆ ರೈಲು ನಿಲ್ದಾಣದಿಂದ ಕರೆದೊಯ್ಯುವುದು ಅವರ ಸಂಪಾದನೆಯ ದೊಡ್ಡ ಭಾಗ. ಪುರಾತತ್ವ ಇಲಾಖೆಯ ಸ್ಮಾರಕಗಳನ್ನು ಮಾರ್ಚ್ 17ರಿಂದಲೇ ಮುಚ್ಚಿದ್ದರು. ಜುಲೈನಲ್ಲಿ ತೆರೆದರೂ ಬರುವವರು ಯಾರು? ಅಂಥ ಸಮಯದಲ್ಲಿ ಪರಿಚಯದವರೊಬ್ಬರು, ಒಂದು ನೆರವು ಸಂಸ್ಥೆಗೆ ಮೂರು ತಿಂಗಳ ಮಟ್ಟಿಗೆ ಲೆಕ್ಕಪತ್ರ ತಿಳಿದ, ಮೂರು ಭಾಷೆ ಆಡುವ ಹೆಂಗಸು ಬೇಕಂತೆ ಎಂದರು. ಕನ್ನಡ, ಉರ್ದು ಸರಿ, ತೆಲುಗು ಸ್ವಲ್ಪ ಸ್ವಲ್ಪ. ಹೋದೆ.

ಕೆಲಸದ ಹೆಸರು ಬೇಸ್‌ಲೈನ್ ಸಮೀಕ್ಷೆ. ಲಾಕ್‌ಡೌನ್‌ನಲ್ಲಿ ದುಡಿಮೆ ಕಳೆದುಕೊಂಡ ಕುಟುಂಬಗಳಿಗೆ ಹೊಲಿಗೆ ಯಂತ್ರ, ತಳ್ಳುಗಾಡಿ, ಆಡು, ಸಣ್ಣ ಬಂಡವಾಳ ಇಂಥವನ್ನು ಕೊಡುವ ಯೋಜನೆ ಅದು. ಕೊಡುವ ಮೊದಲು ಜನರ ಸ್ಥಿತಿ ಹೇಗಿದೆ ಎಂದು ಬರೆದಿಟ್ಟುಕೊಳ್ಳಬೇಕು. ಅಂಗನವಾಡಿಯಲ್ಲಿ ಮಗುವನ್ನು ಮೊದಲು ತಕ್ಕಡಿಗೆ ಹಾಕಿ ತೂಕ ಬರೆದುಕೊಳ್ಳುತ್ತಾರಲ್ಲ, ಆಮೇಲೆ ಪೌಷ್ಟಿಕ ಆಹಾರ ಕೊಟ್ಟು ಮತ್ತೆ ತೂಗುತ್ತಾರಲ್ಲ, ಹಾಗೆ. ಮೊದಲ ತೂಕವೇ ತಪ್ಪಾದರೆ ಮಗು ಬೆಳೆಯಿತೋ ಸೊರಗಿತೋ ತಿಳಿಯುವುದು ಹೇಗೆ? ಹೊಸಪೇಟೆ, ಹಂಪಿಯ ಸುತ್ತಲಿನ ಹಳ್ಳಿಗಳು, ಸಂಡೂರು, ಕಂಪ್ಲಿ, ಈ ನಾಲ್ಕು ಕಡೆ ಸೇರಿ ನಾನೂರರಷ್ಟು ಮನೆಗಳು. ಆಗ ನಾಲ್ಕೂ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ನಮ್ಮ ವರದಿ ಮುದ್ರಣಕ್ಕೆ ಹೋಗುವ ಹೊತ್ತಿಗೆ ವಿಜಯನಗರ ಜಿಲ್ಲೆ ಆಗಿ, ಹೊಸಪೇಟೆ ಮತ್ತು ಹಂಪಿ ಅದಕ್ಕೆ ಸೇರಿ, ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ರಕ್ಷಾಪುಟವನ್ನು ಬದಲಾಯಿಸಬೇಕಾಯಿತು.

ಎಂಟು ಮಂದಿಯ ತಂಡ. ಹೊಸಪೇಟೆಯ ನಾಲ್ವರು ಮುಸ್ಲಿಮ್ ಹುಡುಗಿಯರು, ಸಂಡೂರು ಕಡೆಯ ಇಬ್ಬರು ಲಂಬಾಣಿ ಹುಡುಗಿಯರು, ಕಂಪ್ಲಿಯ ಒಬ್ಬ ಹುಡುಗ, ಕಮಲಾಪುರದ ಇನ್ನೊಬ್ಬ. ಎಲ್ಲರೂ ಡಿಗ್ರಿ ಮುಗಿಸಿ ಮನೆಯಲ್ಲಿ ಕುಳಿತಿದ್ದವರು. ತರಬೇತಿ ಮೂರು ದಿನ. ಪ್ರಶ್ನೆಗಳು ಇಂಗ್ಲಿಷ್‌ನಲ್ಲಿ ಬಂದಿದ್ದವು, ಅವನ್ನು ಆಡುವ ಮಾತಿಗೆ ಇಳಿಸುವುದೇ ಮೊದಲ ಸಾಹಸ. "ನಿಮ್ಮ ಕುಟುಂಬದಲ್ಲಿ ಎಷ್ಟು ಜನ?" ಎಂದು ಕೇಳಿದರೆ ನಮ್ಮ ಕಡೆ ದುಬೈಯಲ್ಲಿರುವ ಮಗನನ್ನೂ, ಮದುವೆಯಾಗಿ ಹೋದ ಮಗಳನ್ನೂ ಸೇರಿಸಿ ಹೇಳುತ್ತಾರೆ. ಕೊನೆಗೆ "ಒಂದೇ ಒಲೆಯ ಅಡುಗೆ ಉಣ್ಣುವವರು ಎಷ್ಟು ಮಂದಿ?" ಎಂದು ಮಾಡಿದೆವು. ನಮ್ಮ ಹುಡುಗಿಯರಿಗೆ ಅದು "ಏಕ್ ಚೂಲಾ." ತಕ್ಷಣ ಅರ್ಥವಾಗುತ್ತಿತ್ತು. ಒಂದೇ ಸೂರಿನ ಕೆಳಗೆ ಅತ್ತೆ ಸೊಸೆಯರ ಎರಡು ಒಲೆಗಳೂ ಆಗ ಹೊರಬಂದವು. ಆ ಜಗಳ ನಮ್ಮ ನಮೂನೆಯಲ್ಲಿ ಇರಲಿಲ್ಲ, ಆದರೂ ಕೇಳಿಸಿಕೊಂಡು ಬಂದೆವು.

ಊಟದ ಪ್ರಶ್ನೆಯೇ ಅರ್ಧ ದಿನ ತಿಂದಿತು. ವಿಶ್ವ ಆಹಾರ ಕಾರ್ಯಕ್ರಮದವರ ಒಂದು ವಿಧಾನವಿದೆ. ಕಳೆದ ಏಳು ದಿನಗಳಲ್ಲಿ ಅನ್ನ ರೊಟ್ಟಿ ಎಷ್ಟು ದಿನ, ಬೇಳೆ ಎಷ್ಟು ದಿನ, ತರಕಾರಿ, ಹಣ್ಣು, ಮೊಟ್ಟೆ ಮಾಂಸ, ಹಾಲು, ಎಣ್ಣೆ, ಸಕ್ಕರೆ ಎಷ್ಟು ದಿನ ಎಂದು ಕೇಳಿ ಒಂದೊಂದಕ್ಕೆ ಒಂದೊಂದು ಅಂಕ ಕೊಡುವುದು. ಧಾನ್ಯಕ್ಕೆ 2, ಬೇಳೆಗೆ 3, ಹಾಲು ಮತ್ತು ಮಾಂಸಕ್ಕೆ 4. ಆದರೆ ಚಹಾಕ್ಕೆ ಹಾಕುವ ಒಂದು ಚಮಚ ಹಾಲನ್ನು ಹಾಲೆಂದು ಎಣಿಸಬಾರದು. ಹುಡುಗಿಯರು ಒಪ್ಪಲೇ ಇಲ್ಲ. "ಚಹಾದಲ್ಲಿರೋದು ಹಾಲಲ್ಲದೆ ಇನ್ನೇನು ಮಿಸ್?" ಎಂದು ವಾದಿಸಿದರು. ಎಣಿಸಿದರೆ ಏಳು ದಿನದ ಚಹಾಕ್ಕೆ 28 ಅಂಕ ಸೇರಿ, ಬರೀ ಅನ್ನ ಮತ್ತು ಸಾರಿನ ನೀರು ಕುಡಿಯುವ ಮನೆಯೂ ಚೆನ್ನಾಗಿ ಉಣ್ಣುವ ಮನೆಯಾಗಿಬಿಡುತ್ತದೆ ಎಂದು ಕರಿಹಲಗೆಯ ಮೇಲೆ ಕೂಡಿಸಿ ತೋರಿಸಿದೆ. ಗಣಿತದ ಟೀಚರು ಎಲ್ಲಾದರೂ ಉಪಯೋಗಕ್ಕೆ ಬಂದಳಲ್ಲ!

ಅಭ್ಯಾಸಕ್ಕೆಂದು ಒಬ್ಬರು ಇನ್ನೊಬ್ಬರನ್ನು ಕೇಳುವ ಸರದಿ ಬಂದಾಗ ಒಬ್ಬ ಹುಡುಗಿ ನನ್ನ ಎದುರು ಕುಳಿತಳು. "ಕಳೆದ ಆರು ತಿಂಗಳಲ್ಲಿ ಮನೆ ಖರ್ಚಿಗಾಗಿ ಒಡವೆ ಅಡವಿಟ್ಟಿದ್ದೀರಾ?" ಎಂದು ನಗುತ್ತಾ ಓದಿದಳು. ನಾನು ಸುಮ್ಮನಾದೆ. ನನ್ನ ಎರಡು ಬಳೆಗಳು ಆಗಸ್ಟ್‌ನಲ್ಲೇ ಹೋಗಿದ್ದವು, ತವರಿಗೂ ಹೇಳಿರಲಿಲ್ಲ. "ಹೌದು ಅಂತ ಬರ್ಕೊ" ಎಂದೆ. ಅವಳ ನಗು ನಿಂತಿತು. ಪರರ ಮನೆಯ ಬಾಗಿಲಲ್ಲಿ ನಿಂತು ಎಂಥ ಮಾತು ಕೇಳಲು ಹೊರಟಿದ್ದೇವೆ ಎಂಬುದು ನನಗೂ ಅವಳಿಗೂ ಆಗ ತಿಳಿಯಿತು.

ಮೊದಲ ದಿನ ನಮ್ಮದೇ ಓಣಿಗಳಲ್ಲಿ ಬಾಗಿಲುಗಳು ಮುಚ್ಚಿಕೊಂಡವು. ಹಿಂದಿನ ವರ್ಷ ಡಿಸೆಂಬರ್‌ನಲ್ಲಿ ಪೌರತ್ವ ಕಾಯ್ದೆ ಬಂದು, ಮನೆಮನೆಗೆ ಬಂದು ತಂದೆತಾಯಿ ಹುಟ್ಟಿದ ಊರು ಕೇಳುತ್ತಾರಂತೆ ಎಂಬ ಮಾತು ಹಬ್ಬಿ, ಜನ ಹಳೆಯ ಟ್ರಂಕುಗಳನ್ನೆಲ್ಲ ಜಾಲಾಡಿ ಕಾಗದ ಹುಡುಕಿದ್ದನ್ನು ನಾವೂ ಕಂಡವರೇ. ನನ್ನ ಅಮ್ಮಿಯ ಹುಟ್ಟಿದ ದಿನ ಯಾವ ಕಾಗದದಲ್ಲೂ ಇಲ್ಲ. ಅವರೂ ಆಗ ನಿದ್ದೆಗೆಟ್ಟಿದ್ದರು. ಒಬ್ಬ ಖಾಲಾ ಬಾಗಿಲ ಸಂದಿಯಿಂದಲೇ "ಯಾವ ಲೆಕ್ಕ ಬೇಟಿ ಇದು? ಸರ್ಕಾರದ್ದಾ?" ಎಂದರು. ಆಧಾರ್ ಸಂಖ್ಯೆ ಕೇಳುವುದಿಲ್ಲ, ಹುಟ್ಟಿದ ಊರು ಕೇಳುವುದಿಲ್ಲ, ಬೇಡವೆನಿಸಿದ ಪ್ರಶ್ನೆಗೆ ಉತ್ತರ ಕೊಡಬೇಕಿಲ್ಲ ಎಂದು ಹೇಳಿಕೊಟ್ಟಿದ್ದ ಮಾತುಗಳನ್ನು ಹೇಳಿದೆವು. ಫಾರ್ಮಿನಲ್ಲಿ ಆಧಾರ್‌ಗೆ ಒಂದು ಕಲಂ ಇತ್ತು, ನಿಜ. ಜಗಳ ಮಾಡಿ ಅದನ್ನು ತೆಗೆಸಿದ್ದೆ. ಆ ಒಂದು ಜಗಳ ಗೆದ್ದದ್ದಕ್ಕೆ ಇವತ್ತಿಗೂ ಸಮಾಧಾನವಿದೆ. ಹಳ್ಳಿಗಳಲ್ಲಿ ತೊಂದರೆ ಬೇರೆ ತರಹ. ಡಿಸೆಂಬರ್ 22 ಮತ್ತು 27ಕ್ಕೆ ಗ್ರಾಮ ಪಂಚಾಯತಿ ಚುನಾವಣೆ. ನಾವು ಯಾವುದೋ ಅಭ್ಯರ್ಥಿಯ ಕಡೆಯವರೆಂದುಕೊಂಡು "ಎಷ್ಟು ಕೊಡ್ತೀರಿ?" ಎಂದೇ ಮಾತು ಶುರು ಮಾಡುತ್ತಿದ್ದರು.

ಹಾಗಾಗಿ ಎಲ್ಲ ಬಾಗಿಲಲ್ಲೂ ಒಂದು ವಾಕ್ಯ ತಪ್ಪದೆ ಹೇಳುತ್ತಿದ್ದೆವು. "ಇದು ಕೊಡುವ ಪಟ್ಟಿ ಅಲ್ಲ. ನೀವು ಏನು ಹೇಳಿದರೂ ಅದರಿಂದ ನಿಮಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ." ಈ ವಾಕ್ಯವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಹೆಣ್ಣುಮಕ್ಕಳ ತಂಡ ಇದ್ದುದರಿಂದ ಆದ ಒಂದು ಉಪಕಾರವನ್ನು ಹೇಳಲೇಬೇಕು. ಒಂದು ಮನೆಯಲ್ಲಿ ಯಜಮಾನ ತೀರಿಕೊಂಡು ಎರಡು ತಿಂಗಳಾಗಿತ್ತು, ಹೆಂಡತಿ ಇದ್ದತ್‌ನಲ್ಲಿದ್ದಳು. ಹೊರಗೆ ಮೈದುನ ನಿಂತು "ಏನು ಕೇಳೋದಿದ್ರೂ ನನ್ನನ್ನೇ ಕೇಳಿ" ಎಂದು ಆದಾಯ, ಸಾಲ ಎಲ್ಲವನ್ನೂ ಹೇಳಿದ. ಸಾಲ ಇಲ್ಲವೇ ಇಲ್ಲ ಎಂದ. ಸಲಾಮ್ ಹೇಳಿ ಹೋಗೋಣವೆಂದು ನಮ್ಮ ಹುಡುಗಿ ಒಳಗೆ ಹೋದಳು. ವಾರದ ಸಂಘಕ್ಕೆ ಕಟ್ಟಬೇಕಾದ ಎರಡು ಸಾಲ ತನ್ನ ಹೆಸರಲ್ಲೇ ಇದೆ, ಮೈದುನನಿಗೆ ಗೊತ್ತಿಲ್ಲ ಎಂದು ಆ ಹೆಂಗಸು ಪಿಸುಗುಟ್ಟಿದಳು. ಹೊರಗೆ ಬಂದ ಹುಡುಗಿ ಮೈದುನನ ಮುಂದೆ ಏನೂ ಬದಲಾಯಿಸದೆ, ಓಣಿಯ ತಿರುವು ದಾಟಿದ ಮೇಲೆ ತಿದ್ದಿದಳು. ಇಪ್ಪತ್ತೆರಡು ವರ್ಷದ ಹುಡುಗಿ. ಕಂಡದ್ದು ಕೇಳಿದ್ದು ಅಮಾನತ್ ಎಂಬುದನ್ನು ಅವಳಿಗೆ ನಾನು ಹೇಳಿಕೊಟ್ಟದ್ದಲ್ಲ.

ಹೂವಿನ ಆಪಾಳ "ಉದ್ಯೋಗ ಇಲ್ಲ" ನನ್ನನ್ನು ಚುಚ್ಚಿದ್ದು ನಾಲ್ಕನೆಯ ದಿನ ರಾತ್ರಿ, ಅಮ್ಮಿಯ ದೆಸೆಯಿಂದ. ಊಟದ ಹೊತ್ತಿಗೆ ಅವರು "ನಿನ್ನ ಫೀಸೆಲ್ಲ ನನ್ನ ಲಂಗದ ದುಡ್ಡೇ" ಎಂದು ಯಾವುದೋ ಮಾತಿಗೆ ಅಂದರು. ಅಮ್ಮಿ ಇಪ್ಪತ್ತು ವರ್ಷ ಅಂಗಡಿಗೆ ಒಳಲಂಗ ಹೊಲಿದುಕೊಟ್ಟವರು, ಡಜನ್ ಲೆಕ್ಕದಲ್ಲಿ. ಆದರೆ ರೇಷನ್ ಕಾರ್ಡಿನಿಂದ ಹಿಡಿದು ಜನಗಣತಿಯವರೆಗೆ ಎಲ್ಲ ಕಡೆ "ಮನೆಗೆಲಸ." ಅವರನ್ನು ಕೇಳಿದಾಗಲೆಲ್ಲ ಅವರು ಹೇಳಿದ್ದೂ ಅದೇ. ಆ ವರ್ಷ ಸೆಪ್ಟೆಂಬರ್‌ನಲ್ಲಷ್ಟೇ ಕೇಂದ್ರ ಸರ್ಕಾರದ ಅಂಕಿಅಂಶ ಕಚೇರಿಯವರು ಸಮಯ ಬಳಕೆಯ ಸಮೀಕ್ಷೆಯೊಂದನ್ನು ಪ್ರಕಟಿಸಿದ್ದರು. 2019ರಲ್ಲಿ ದೇಶದಾದ್ಯಂತ ನಡೆಸಿದ್ದು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ತೊಡಗುವ ಗಂಡಸರು 97 ನಿಮಿಷ ಎಂದು ಅದರಲ್ಲಿದೆ. ಈ ಐದು ತಾಸಿನ ಸಂದುಗೊಂದಿನಲ್ಲಿ ಹೂ ಕಟ್ಟುವುದು, ಲಂಗ ಹೊಲಿಯುವುದು, ಹಪ್ಪಳ ಒತ್ತುವುದು ನಡೆಯುತ್ತದೆ. ಹೆಂಗಸರು ಅದನ್ನು ಕೆಲಸವೆಂದು ಕರೆಯುವುದೇ ಇಲ್ಲ.

ಮರುದಿನ ಪ್ರಶ್ನೆಯನ್ನು ಬದಲಾಯಿಸಿದೆವು. "ನಿಮ್ಮ ಉದ್ಯೋಗವೇನು?" ಎಂಬುದನ್ನು ಬಿಟ್ಟು, "ಕಳೆದ ಏಳು ದಿನಗಳಲ್ಲಿ ನಿಮ್ಮ ಕೈಗೆ ಯಾರಾದರೂ ದುಡ್ಡು ಕೊಟ್ಟರೇ? ಯಾವುದಕ್ಕೆ ಕೊಟ್ಟರು?" ಎಂದು ಕೇಳತೊಡಗಿದೆವು. ಸುರಿಮಳೆಯಂತೆ ಉತ್ತರ ಬಂತು. ಹೂವು, ಫಾಲ್ಸ್, ಗೋಟಾ ಪಟ್ಟಿ, ಅರಬ್ಬಿ ಓದಿಸುವುದು, ಬಾಣಂತಿಗೆ ಎರೆಯುವುದು, ಮದುವೆ ಮನೆಯ ಬಿರಿಯಾನಿಗೆ ಈರುಳ್ಳಿ ಹೆಚ್ಚಿಕೊಡುವುದು. ಮೊದಲ ನಾಲ್ಕು ದಿನಗಳ ಮನೆಗಳಿಗೆ ಮತ್ತೆ ಹೋಗಬೇಕೆಂದು ಪಟ್ಟಿ ಮಾಡಿದೆ. ಅರ್ಧ ಮನೆಗಳಿಗೆ ಹೋಗಿ ಬಂದೆವು. ಅಷ್ಟರಲ್ಲಿ ಕಂಪ್ಲಿಗೆ ಹೊರಡುವ ದಿನ ಬಂತು. ಹೂವಿನ ಆಪಾಳ ಮನೆ ಉಳಿದರ್ಧದಲ್ಲಿತ್ತು. ಆಕೆಯದ್ದು ನನಗೇ ಗೊತ್ತಲ್ಲ, ಕಚೇರಿಯಲ್ಲಿ ಕುಳಿತೇ ತಿದ್ದಿದರಾಯಿತು ಎಂದುಕೊಂಡೆ.

ಕಂಪ್ಲಿಯಲ್ಲಿ ಭತ್ತದ ಕೊಯ್ಲು. ತುಂಗಭದ್ರೆಯ ಕಾಲುವೆ ನೀರಿನ ಗದ್ದೆಗಳಲ್ಲಿ ಯಂತ್ರಗಳು ಓಡಾಡುತ್ತಿದ್ದವು. ಯಂತ್ರ ಬಿಟ್ಟ ಅಂಚುಗಳಲ್ಲಿ, ಒಕ್ಕಿದ ಭತ್ತ ಒಣಗಿಸುವ ರಸ್ತೆಗಳಲ್ಲಿ ಹೆಂಗಸರಿಗೆ ಕೂಲಿ ಇತ್ತು. ಆ ವರ್ಷ ಉದ್ಯೋಗ ಖಾತರಿಯ ದಿನಗೂಲಿ 275 ರೂಪಾಯಿ. ಕೊಯ್ಲಿನ ಎರಡು ಮೂರು ವಾರ ಹೊಲದಲ್ಲೂ ಹೆಚ್ಚುಕಡಿಮೆ ಕೈತುಂಬ ಕೆಲಸ. ನಮ್ಮ ಫಾರ್ಮಿನಲ್ಲಿ "ಕಳೆದ 30 ದಿನಗಳ ಆದಾಯ" ಎಂದಿತ್ತು. ಕಂಪ್ಲಿಯ ಹುಡುಗ, ಅವನೂ ಕೂಲಿ ಮನೆಯವನೇ, ಮೊದಲ ದಿನ ಸಂಜೆಯೇ ಟ್ಯಾಬ್ ಕೆಳಗಿಟ್ಟು ಹೇಳಿದ. "ಮೇಡಂ, ಇದು ನಮ್ಮ ಸುಗ್ಗಿ ತಿಂಗಳು. ಇದನ್ನ ಬರ್ಕೊಂಡು, ಮುಂದ ಏಪ್ರಿಲ್‌ದಾಗ ಬಂದು ಕೇಳಿದ್ರ ನೀವು ದುಡ್ಡು ಕೊಟ್ಟು ನಮ್ಮನ್ನ ಬಡವರು ಮಾಡಿದಂಗಾಗತೈತಿ." ಎಷ್ಟು ಸರಿ! ಮುಂದಿನ ಅಳತೆ ಯಾವಾಗ ಮಾಡಿದರೂ ಡಿಸೆಂಬರ್‌ನಲ್ಲೇ ಆಗಬೇಕು ಎಂದು ಅವತ್ತೇ ಬರೆದು ಮೇಲಿನವರಿಗೆ ಕಳಿಸಿದೆ. ವರ್ಷದ ಹನ್ನೆರಡು ತಿಂಗಳನ್ನೂ ಬಳಪದಲ್ಲಿ ಗೆರೆ ಎಳೆದು, ಯಾವ ತಿಂಗಳು ಕೆಲಸ, ಯಾವ ತಿಂಗಳು ಖಾಲಿ ಎಂದು ಹೆಂಗಸರಿಂದಲೇ ಗುರುತು ಹಾಕಿಸುವುದನ್ನೂ ಸೇರಿಸಿದೆವು. ಕಂಪ್ಲಿಯ ಹೆಂಗಸರು ನೆಲದ ಮೇಲೆ ಭತ್ತದ ಕಾಳುಗಳನ್ನೇ ಇಟ್ಟು ತೋರಿಸಿದರು. ಕೊಯ್ಲಿನ ತಿಂಗಳಿಗೆ ಒಂದು ಹಿಡಿ, ಬೇಸಿಗೆಯ ಕೊನೆಗೆ ಎರಡೇ ಕಾಳು.

ಹಂಪಿಯಲ್ಲಿ ನಮ್ಮ ಕಷ್ಟ "ಮೊದಲು" ಎಂಬ ಒಂದೇ ಪದದ್ದು. "ಮೊದಲು ನಿಮ್ಮ ಸಂಪಾದನೆ ಎಷ್ಟಿತ್ತು?" ಎಂದು ನಾನು ಕೇಳಿದಾಗ ಎಳನೀರು ಮಾರುವ ಹೆಂಗಸು ಕೊಡಲಿ ಕೆಳಗಿಟ್ಟು ನನ್ನನ್ನೇ ಕೇಳಿದಳು. "ಯಾವ ಮೊದಲು ಅಕ್ಕಾ? ಲಾಕ್‌ಡೌನ್‌ಗಿಂತ ಮೊದಲಾ, ಬಜಾರ್ ಒಡೆಯೋದ್ಕಿಂತ ಮೊದಲಾ?" 2011ರ ಜುಲೈ ಕೊನೆಯಲ್ಲಿ ವಿರೂಪಾಕ್ಷ ದೇವಸ್ಥಾನದ ಮುಂದಿನ ಮಂಟಪಗಳಲ್ಲಿದ್ದ ಅಂಗಡಿ ಮನೆಗಳನ್ನು ತೆರವುಗೊಳಿಸಿದ್ದರು. ಹಲವರಿಗೆ ಕಡ್ಡಿರಾಂಪುರದ ಬಳಿ ನಿವೇಶನ ಕೊಟ್ಟರು. ವಿಶ್ವ ಪರಂಪರೆಯ ತಾಣವನ್ನು ಕಾಪಾಡಬೇಕು, ಸರಿಯೇ. ಆದರೆ ಪ್ರವಾಸಿಗರು ಹಂಪಿಗೆ ಬರುತ್ತಾರೆ, ಕಡ್ಡಿರಾಂಪುರಕ್ಕಲ್ಲ. ಹೊಳೆಯಾಚೆ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್‌ಗೆ ಕೆಲವೇ ದಿನಗಳ ಮೊದಲು ಕೆಡವಿದ್ದರು. ಅಲ್ಲಿ ಬಟ್ಟೆ ಒಗೆದು, ಪಾತ್ರೆ ತಿಕ್ಕಿ ಬದುಕುತ್ತಿದ್ದ ಹೆಂಗಸರಿಗೆ ಇನ್ನೊಂದು "ಮೊದಲು." ನಮ್ಮ ಟ್ಯಾಬ್‌ನಲ್ಲಿ ಒಂದೇ ಒಂದು ಚೌಕವಿತ್ತು.

ಇನ್ನು ಸಂಡೂರು. ಈ ಬರಹ ಬರೆಯಲು ಕುಳಿತದ್ದೇ ಅದಕ್ಕಾಗಿ.

ಹೊಸಪೇಟೆಯಿಂದ ಬೆಟ್ಟ ಹತ್ತಿ ಇಳಿದರೆ ಸಂಡೂರು. ದಾರಿಯಲ್ಲಿ ಎಲೆಗಳೂ ಕೆಂಪು, ಬಸ್ಸಿನ ಕಿಟಕಿಯೂ ಕೆಂಪು. 2000ದ ನಂತರ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಗಗನಕ್ಕೇರಿದ ಕಾಲವನ್ನು ನಮ್ಮ ಜಿಲ್ಲೆಯಲ್ಲಿ ಕಾಣದವರಿಲ್ಲ. ಆಗ ಸುತ್ತಿಗೆ ಹಿಡಿದು ಅದಿರು ಒಡೆದು ಆರಿಸುವ ಕೆಲಸಕ್ಕೆ ತಾಂಡಾಗಳ, ಹಳ್ಳಿಗಳ ಹೆಂಗಸರು, ಮಕ್ಕಳು ಸಹ ಹೋಗುತ್ತಿದ್ದರು. 2011ರ ಜುಲೈನಲ್ಲಿ ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆಯವರ ವರದಿ ಬಂತು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಕಳ್ಳತನ ನಿಲ್ಲಬೇಕಿತ್ತು, ನಿಂತಿತು. 2013ರ ನಂತರ ಗಣಿಗಳು ಒಂದೊಂದಾಗಿ ತೆರೆದವು, ಆದರೆ ಸುತ್ತಿಗೆಯ ಕೆಲಸ ಮರಳಲಿಲ್ಲ. ಯಂತ್ರಗಳು ಬಂದಿದ್ದವು. ಕೆಲವು ಹೆಂಗಸರು ಲಂಬಾಣಿ ಕಸೂತಿಯ ಕೇಂದ್ರಗಳಿಗೆ ಸೇರಿದರು. ಉಳಿದವರು ವರ್ಷಕ್ಕೆ ಐದಾರು ತಿಂಗಳು ಊರು ಬಿಡತೊಡಗಿದರು.

ನಮ್ಮ ನಿಯಮವೆಂದರೆ, ಊರಿನ ಒಂದು ಮೂಲೆಯಿಂದ ಶುರು ಮಾಡಿ ಪ್ರತಿ ಏಳನೆಯ ಮನೆ. ಮನೆಗೆ ಬೀಗ ಇದ್ದರೆ ಅದರ ಪಕ್ಕದ ಮನೆ. ಯೋಚಿಸದೆ ಒಪ್ಪಿಕೊಂಡಿದ್ದೆ. ಮೂರು ದಿನದಲ್ಲಿ ಸಂಡೂರಿನ ಕೆಲಸ ಮುಗಿಯಿತು, ಎಲ್ಲರಿಗಿಂತ ಬೇಗ. ರಾತ್ರಿ ಅಂಕಿಗಳನ್ನು ಕೂಡಿಸುತ್ತಾ ಕುಳಿತಾಗ ವಿಚಿತ್ರವೆನಿಸಿತು. ತಾಂಡಾದ ಮನೆಗಳು ಹೊಸಪೇಟೆಯ ಓಣಿಗಳಿಗಿಂತ ಚೆನ್ನಾಗಿ ಉಣ್ಣುತ್ತಿದ್ದವು, ಸಾಲವೂ ಕಡಿಮೆ. ಸಂಸ್ಥೆಯವರು ಇದನ್ನು ನೋಡಿದರೆ ಸಂಡೂರಿಗೆ ನೆರವೇ ಬೇಡ ಎನ್ನುವುದು ಖಂಡಿತ.

ಲಂಬಾಣಿ ಹುಡುಗಿಯರಲ್ಲಿ ದೊಡ್ಡವಳಿಗೆ ಫೋನ್ ಮಾಡಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ಈಗ ತಾಂಡಾದಾಗ ಇರೋರು ಯಾರು ಮೇಡಂ? ನೌಕರಿ ಇದ್ದೋರು, ಹೊಲ ಇದ್ದೋರು, ಇಲ್ಲಾಂದ್ರ ನಡೆಯಾಕಾಗದ ಮುದುಕರು. ಬಡವರೆಲ್ಲ ಕಬ್ಬು ಕಡಿಯಾಕ ಹೋಗ್ಯಾರ. ಬೀಗ ಹಾಕಿದ ಮನೀನೇ ಬಡವರ ಮನಿ."

"ಮೊದಲೇ ಯಾಕೆ ಹೇಳಲಿಲ್ಲ?" ಎಂದೆ.

"ನೀವು ಪಕ್ಕದ ಮನಿಗೆ ಹೋಗ್ರಿ ಅಂದಿದ್ರಿ."

ಬೀಗ ಕಂಡ ಕಡೆಯೆಲ್ಲ ನಾವು ಬಡವರನ್ನು ಬಿಟ್ಟು ಅವರ ಪಕ್ಕದ ಸ್ಥಿತಿವಂತರನ್ನು ಬರೆದುಕೊಂಡಿದ್ದೆವು, ಅದೂ ನಿಯಮ ಪ್ರಕಾರ. ತರಗತಿಯಲ್ಲಿ ಇದ್ದ ಮಕ್ಕಳ ಹಾಜರಿಯನ್ನಷ್ಟೇ ನೋಡಿ ಊರಿನಲ್ಲಿ ಶಾಲೆ ಬಿಟ್ಟ ಮಕ್ಕಳೇ ಇಲ್ಲ ಎಂದಂತಾಯಿತು.

ಮರುದಿನ ಕಚೇರಿಗೆ ಫೋನು. ಇನ್ನು ನಾಲ್ಕು ದಿನ ಬೇಕು ಎಂದೆ. ಜೀಪಿನ ಬಾಡಿಗೆ, ಹುಡುಗಿಯರ ದಿನಭತ್ಯೆ ಎಲ್ಲ ಮುಗಿದಿದೆ, ಇಷ್ಟಕ್ಕೂ ಶೇಕಡಾವಾರು ಸರಿಯಾಗಿದೆಯಲ್ಲ ಎಂದರು ಅಲ್ಲಿದ್ದವರು. ಕೆಟ್ಟವರೇನಲ್ಲ, ಅವರಿಗೂ ಮೇಲಿನವರು ಕೊಟ್ಟ ಗಡುವು. ಮೂರು ದಿನ ಹಗ್ಗಜಗ್ಗಾಟವಾಗಿ ಎರಡು ದಿನ ಕೊಟ್ಟರು, ಜೀಪು ಇಲ್ಲ. ಬಸ್ಸಿನಲ್ಲೇ ಹೋದೆವು.

ತಾಂಡಾದ ನಾಯ್ಕರ ಮನೆಯ ಕಟ್ಟೆಯ ಮೇಲೆ ಕುಳಿತು, ಬೀಗ ಹಾಕಿದ ಒಂದೊಂದು ಮನೆಯವರೂ ಎಲ್ಲಿದ್ದಾರೆಂದು ಕೇಳಿ ಬರೆದುಕೊಂಡೆವು. ಮಂಡ್ಯದ ಕಡೆ ಕಬ್ಬು, ಬೆಂಗಳೂರಿನಲ್ಲಿ ಕಟ್ಟಡ, ಗೋವಾ. ನಂಬರು ಸಿಕ್ಕವರಿಗೆ ಅಲ್ಲಿಂದಲೇ ಫೋನು. ಒಬ್ಬ ಹೆಂಗಸು ಕಬ್ಬಿನ ಗದ್ದೆಯಿಂದಲೇ ಲಂಬಾಣಿಯಲ್ಲಿ ಮಾತನಾಡಿದಳು. ಹಿಂದೆ ಯಾರೋ ಕೂಗುತ್ತಿದ್ದರು. ಏಳು ದಿನದಲ್ಲಿ ಬೇಳೆ ಎಷ್ಟು ದಿನ ಎಂದರೆ "ಒಂದು ದಿನ" ಎಂದಳು. ಮಾಂಸ, ಹಾಲು, ಹಣ್ಣು ಎಲ್ಲಕ್ಕೂ ಸೊನ್ನೆ. ಬರುವಾಗಲೇ ಮೇಸ್ತ್ರಿಯಿಂದ ಮುಂಗಡ ಪಡೆದಿದ್ದಾಳೆ, ಅದು ತೀರುವವರೆಗೆ ಹೊರಡುವಂತಿಲ್ಲ. ನಮ್ಮ ಫಾರ್ಮಿನ "ಸಾಲ" ಎಂಬ ಕಲಂನಲ್ಲಿ ಬ್ಯಾಂಕು, ಸಂಘ, ಬಡ್ಡಿ ಸಾಹುಕಾರ ಇದ್ದರು, ಮೇಸ್ತ್ರಿ ಇರಲಿಲ್ಲ.

ಒಂದು ಬೀಗದ ಮನೆಯ ಹಿತ್ತಲಿನಲ್ಲಿ ಒಬ್ಬ ಅಜ್ಜಿ ಎರಡು ಮೊಮ್ಮಕ್ಕಳೊಂದಿಗೆ ಮೂರು ಕಲ್ಲಿನ ಒಲೆ ಹೂಡಿಕೊಂಡಿದ್ದಳು. ಒಳಗಿನ ಸಾಮಾನು ಕಳುವಾದೀತೆಂದು ಮಗ ಬೀಗ ಹಾಕಿ ಹೋಗಿದ್ದ. ಅವರು ಮಲಗುವುದು ಹಿಂದಿನ ಚಪ್ಪರದಲ್ಲಿ. ಏಪ್ರಿಲ್‌ನಿಂದ ತಲಾ 5 ಕಿಲೋ ಹೆಚ್ಚುವರಿ ಧಾನ್ಯ ಪುಕ್ಕಟೆ ಬರುತ್ತಿತ್ತು, ನವೆಂಬರ್‌ಗೆ ನಿಂತಿತ್ತು. ಮೊದಲ ಸಲ ನಾವು ಅದೇ ಮನೆಯ ಮುಂಬಾಗಿಲ ಬೀಗ ನೋಡಿ ಪಕ್ಕದ ಮನೆಗೆ ಹೋಗಿದ್ದೆವು. ಹತ್ತು ಹೆಜ್ಜೆ ಹಿಂದಕ್ಕೆ ಹೋಗಿದ್ದರೆ ಅವರು ಕಾಣುತ್ತಿದ್ದರು. ನಮ್ಮ ಹುಡುಗಿ "ಯಾಡಿ" ಎಂದು ಕರೆದು ಪಕ್ಕದಲ್ಲಿ ಕುಳಿತಳು. ಪ್ರಶ್ನೆಗಳನ್ನು ಮುಗಿಸಲು ಒಂದೂವರೆ ತಾಸು ಹಿಡಿಯಿತು.

ಎಲ್ಲ ಬೀಗಗಳೂ ತೆರೆಯಲಿಲ್ಲ. ಐದು ಮನೆಯವರ ಸುಳಿವೇ ಸಿಗಲಿಲ್ಲ. ಅವನ್ನು "ಬದಲಿ" ಎಂದು ಮುಚ್ಚದೆ "ಬೀಗ" ಎಂದೇ ವರದಿಯಲ್ಲಿ ತೋರಿಸಿದೆ. ಸಂಡೂರು ಪಟ್ಟಿಯಲ್ಲಿ ಉಳಿಯಿತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಹೆಮ್ಮೆಯಿಂದ ಬರೆಯುತ್ತಿದ್ದೆ. ಆದರೆ ಬಾಗಿಲು ಬಾಗಿಲಲ್ಲಿ ಹೇಳಿದ ಆ ವಾಕ್ಯ ಇದೆಯಲ್ಲ. ಫೆಬ್ರವರಿಯಲ್ಲಿ ಕಚೇರಿಯಿಂದ ತೀರ್ಮಾನ ಬಂತು. ಫಲಾನುಭವಿಗಳನ್ನು ಆರಿಸಲು ಬೇರೆ ಸಮೀಕ್ಷೆಗೆ ಹಣವಿಲ್ಲ, ಇದೇ ಅಂಕಗಳನ್ನು ಬಳಸಿ ಪಟ್ಟಿ ಮಾಡುತ್ತೇವೆ ಎಂದು. ಅಳೆಯುವ ಲೆಕ್ಕ ಬೇರೆ, ಕೊಡುವ ಪಟ್ಟಿ ಬೇರೆ ಇರಬೇಕು. ಇಲ್ಲದಿದ್ದರೆ ನಿಜ ಹೇಳಿದವರೇ ಸೋಲುತ್ತಾರೆ. ವಾದಿಸಿದೆ, ಇಮೇಲ್ ಬರೆದೆ, ನಡೆಯಲಿಲ್ಲ. ರಾಜೀನಾಮೆ ಕೊಡಬಹುದಿತ್ತು. ಬಳೆ ಇನ್ನೂ ಅಡವಿನಲ್ಲಿತ್ತು, ಕೊಡಲಿಲ್ಲ.

ಮಾರ್ಚ್‌ನಲ್ಲಿ ಪಟ್ಟಿ ಬಂದಾಗ ಮೊದಲು ಹುಡುಕಿದ್ದು ಹೂವಿನ ಆಪಾಳ ಹೆಸರು. ಇರಲಿಲ್ಲ. ಸಣ್ಣ ಬಂಡವಾಳ "ಈಗಾಗಲೇ ಸ್ವಂತ ದುಡಿಮೆ ಇರುವ ಹೆಂಗಸರಿಗೆ" ಎಂದಿತ್ತು, ಆಕೆಯ ಫಾರ್ಮಿನಲ್ಲಿ ಉದ್ಯೋಗ ಇಲ್ಲ. ಹಸಿವಿನ ಪ್ರಶ್ನೆಗಳಲ್ಲೂ ಆಕೆಯ ಅಂಕ ಚೆನ್ನಾಗಿಯೇ ಇತ್ತು. "ಒಂದು ಹೊತ್ತು ಕಡಿಮೆ ಆದ್ರೆ ಅದೇನು ಹಸಿವಾ ಆಪಾ? ಅಲ್ಲಾಹ್ ಕೊಟ್ಟಿದ್ದಾನೆ" ಎಂದಿದ್ದಳು. ಕಚೇರಿಯಲ್ಲಿ ಕುಳಿತು ತಿದ್ದುತ್ತೇನೆ ಎಂದುಕೊಂಡಿದ್ದವಳು ನಾನು. ಸಂಡೂರಿನ ಗಡಿಬಿಡಿಯಲ್ಲಿ ಮರೆತಿದ್ದೆ. ಬೀಗ ಹಾಕಿದ ಮನೆಗಳಿಗಾಗಿ ಬಸ್ಸಿನಲ್ಲಿ ಬೆಟ್ಟ ಹತ್ತಿದವಳು, ನನ್ನ ಮನೆಯಿಂದ ಮೂರು ಓಣಿ ಆಚೆ ಬಾಗಿಲು ತೆರೆದೇ ಇದ್ದ ಮನೆಯನ್ನು ಬಿಟ್ಟಿದ್ದೆ.

ಏಪ್ರಿಲ್‌ನಲ್ಲಿ ರಮದಾನ್ ಶುರುವಾಯಿತು, ತಿಂಗಳ ಕೊನೆಗೆ ಮತ್ತೆ ಲಾಕ್‌ಡೌನ್. ಮದುವೆ ಮನೆಗಳಿಲ್ಲ, ಗುಡಿಗಳಿಲ್ಲ, ಹೂವು ಕೇಳುವವರಿಲ್ಲ. ಒಂದು ಸಂಜೆ ಇಫ್ತಾರ್‌ಗೆ ಸ್ವಲ್ಪ ಖರ್ಜೂರ, ಹಣ್ಣು ಹಿಡಿದು ಆಕೆಯ ಮನೆಗೆ ಹೋದೆ. ಪಕ್ಕದ ಮನೆಯವಳಿಗೆ ಬಂಡವಾಳ ಸಿಕ್ಕ ಸುದ್ದಿ ಆಕೆಗೆ ಗೊತ್ತಿತ್ತು.

"ಆಪಾ, ಆ ದಿನ ನಾನು ಏನಾದರೂ ತಪ್ಪು ಹೇಳಿದ್ನಾ?" ಎಂದು ಕೇಳಿದಳು.

ಇಲ್ಲ, ತಪ್ಪು ನನ್ನದು ಎಂದು ಇದ್ದದ್ದನ್ನೆಲ್ಲ ಹೇಳಿದೆ. ಆಕೆ ಬಹಳ ಹೊತ್ತು ಏನೂ ಹೇಳಲಿಲ್ಲ. ಅಝಾನ್ ಆಯಿತು, ನೀರು ತಂದುಕೊಟ್ಟಳು.

ಸಂಸ್ಥೆಯವರು ಎರಡನೆಯ ಅಳತೆಗೆ ನನ್ನನ್ನೇ ಕರೆದರು, 2021ರ ಡಿಸೆಂಬರ್‌ನಲ್ಲಿ, ಕಂಪ್ಲಿಯ ಹುಡುಗ ಹೇಳಿದ ತಿಂಗಳಲ್ಲೇ. ನೆರವು ಸಿಕ್ಕವರನ್ನೂ ಸಿಗದವರನ್ನೂ ಕೇಳಬೇಕಿತ್ತು. ಸಿಗದವರ ಪಟ್ಟಿಯಲ್ಲಿ ಆಕೆಯ ಮನೆ ಇತ್ತು. ಈ ಸಲ ಹುಡುಗಿಯರನ್ನು ಕಳಿಸದೆ ನಾನೇ ಹೋದೆ. ಗೋಣಿಯ ಮೇಲೆ ಅದೇ ಸೇವಂತಿಗೆ. ನಾನು ಟ್ಯಾಬ್ ತೆರೆದು ಮೊದಲ ಪ್ರಶ್ನೆ ಓದುವ ಮೊದಲೇ ಆಕೆ ಶುರು ಮಾಡಿದಳು.

"ಹೂ ಕಟ್ತೀನಿ. ಬೆಳಗ್ಗೆ ಎರಡು ತಾಸು, ಝುಹರ್ ಆದ ಮೇಲೆ ಎರಡು ತಾಸು. ಬರ್ಕೊಳ್ಳಿ ಆಪಾ."